ಸವಳಹಟ್ಟಿ, ಒಂದು ಪುಟ ಮೀರದಂತೆ

ಚಳ್ಳಕೆರೆಯಿಂದ ನಮೂನೆ ಬಂತು:
ಗ್ರಾಮದ ಇತಿಹಾಸ, ಒಂದು ಪುಟ ಮೀರದಂತೆ,
ಶುಕ್ರವಾರದೊಳಗೆ.
ಲೈಬ್ರರಿಯ ಬೀಗದಕೈ ನನ್ನ ಸೆರಗಿನ ತುದಿಯಲ್ಲಿರುವುದರಿಂದ
ಊರಿನ ಇತಿಹಾಸವೂ ಅಲ್ಲಿಗೇ ಗಂಟುಬಿತ್ತು.

ಹೆಸರು ಸುಲಭ ಅಂದುಕೊಂಡಿದ್ದೆ.
ಸವಳು ಮಣ್ಣು, ಅದರ ಮೇಲೊಂದು ಹಟ್ಟಿ.
ಚಿತ್ತಣ್ಣ ಬೀಡಿ ಆರಿಸಿ ತಲೆಯಾಡಿಸಿದ:
"ಸವಳಲ್ಲ ಕಣವ್ವ, ಸಾವಳವ್ವ.
ದನ ಹೊಡ್ಕಂಡು ಬಂದೋಳು ಇಲ್ಲಿ ಕೋಲು ಊರಿದ್ಲು."
ಯಾವ ಕಾಲದಲ್ಲಿ ಎಂದೆ.
"ಕೋಲು ಊರೋ ಕಾಲದಲ್ಲಿ."

ಗಾದ್ರಪ್ಪ ಮೇಷ್ಟ್ರು ಸಲಹೆ ಕೊಟ್ಟರು:
"ದುರ್ಗದ ಪಾಳೇಗಾರರ ಕುದುರೆ
ನಮ್ಮ ಕಟ್ಟೆಯಲ್ಲಿ ನೀರು ಕುಡಿದಿತ್ತು ಅಂತ ಹಾಕಮ್ಮ."
ಸುತ್ತಿನ ಹದಿನಾರು ಊರೂ ಹಾಗೇ ಹಾಕಿವೆ.
ಪಾಪ, ಎಷ್ಟು ನೀರು ಕುಡಿಯಿತೋ ಆ ಕುದುರೆ.

ಗುಡ್ಡದ ನೆತ್ತಿಯಲ್ಲೊಂದು ಚೌಕ ಕಲ್ಲು,
ಮೇಲೆ ಬಾಣದ ಗುರುತು, ನಡುವೆ ಚುಕ್ಕಿ.
ಸರಪಳಿ ಹಿಡಿದು ಸೀಮೆ ಅಳೆಯುತ್ತ ಬಂದ ಬಿಳಿ ದೊರೆಯೊಬ್ಬ
ಮೂರು ದಿನ ಡೇರೆ ಹಾಕಿ, ಮೂರು ಕೋಳಿ ತಿಂದು
ನೆಡಿಸಿ ಹೋದದ್ದಂತೆ.
ಕೋಳಿಯ ದುಡ್ಡು ಇನ್ನೂ ಬರಬೇಕು ಎನ್ನುತ್ತಾಳೆ ಸಣ್ಣಕ್ಯಾತಮ್ಮ,
ತನ್ನ ಮುತ್ತಜ್ಜಿಯ ಪರವಾಗಿ.
ಕಲ್ಲಿಗೀಗ ಅರಿಶಿನ ಮೆತ್ತಿದ್ದಾರೆ, ಹೆಸರು ದೊರೆಯಪ್ಪ.
ಕುರಿಗೆ ಕಾಲುಬೇನೆ ಬಂದರೆ ಹರಕೆ ಅವನಿಗೇ.
ಕಾಯಿ ತಗೊಳ್ಳುತ್ತಾನೆ, ಮಂಡಕ್ಕಿ ತಗೊಳ್ಳುತ್ತಾನೆ,
ಕೋಳಿ ಮಾತ್ರ ಕೇಳುವುದಿಲ್ಲ.
ನಾಚಿಕೆಯಿರಬೇಕು.

ಇಲಿ ಬಿದ್ದ ವರ್ಷ
ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿತು.
ಹಿಂದೆ ಉಳಿದವಳು ಒಬ್ಬಳೇ, ಪಿಂಜಾರರ ಹುಸೇನವ್ವ.
ಮನೆ ಕತ್ತಲಾಗಬಾರದು ಅಂತ
ನಲವತ್ತೊಂದು ಮನೆಗೂ ದಿನಾ ಸಂಜೆ ದೀಪ ಹಚ್ಚಿದಳು.
ಬತ್ತಿ ಅವಳದೇ, ಹತ್ತಿ ಹಿಂಜುವ ಕೈ.
ಎಣ್ಣೆ ಅವರವರ ಗಡಿಗೆಯದು,
ಅದು ತೀರಿದ ಮೇಲೆ ಅವಳ ಗಡಿಗೆಯದು.
ಮೂರು ತಿಂಗಳಿಗೆ ಜನ ತಿರುಗಿ ಬಂದಾಗ
ಎಲ್ಲರ ಮನೆಯಲ್ಲೂ ಬೆಳಕು,
ಅವಳ ಮನೆಯೊಂದೇ ಕತ್ತಲು.
ಅವಳು ಸತ್ತಿದ್ದಳು ಎಂದು ಕೆಲವರು ಹೇಳುತ್ತಾರೆ.
"ಸತ್ತಿದ್ರೆ ನಾನೆಲ್ಲಿಂದ ಬರ್ತಿದ್ದೆ?"
ಅವಳ ಮರಿಮಗಳು ಪೀರಾಂಬಿ ನಗುತ್ತಾಳೆ,
"ಎಣ್ಣೆ ಮುಗಿದಿತ್ತು, ಮಲಗಿದ್ಲು, ಅಷ್ಟೇ."

ಅಮಾವಾಸ್ಯೆ ಬಂದರೆ ಅಮ್ಮ ನನ್ನ ಕೈಗೆ
ಒಂದು ಮಿಳ್ಳೆ ಎಣ್ಣೆ ಕೊಟ್ಟು ಆ ಮನೆಗೆ ಕಳಿಸುತ್ತಿದ್ದಳು.
ಹಾಸಿಗೆ ಹೊಲಿಸಿದ ಬಾಕಿ ಇರಬೇಕು ಅಂದುಕೊಂಡೇ
ಇಷ್ಟು ವರ್ಷ ಒಯ್ದೆ.

ಊರ ತಗ್ಗಿನ ಹನ್ನೊಂದು ದಿಬ್ಬಗಳ ಮೇಲೆ
ಮಕ್ಕಳು ಗೋಣಿಚೀಲ ಹಾಸಿ ಜಾರುತ್ತಾರೆ.
ದಿಬ್ಬವಲ್ಲ, ಉಪ್ಪು ಬಸಿದು ಚೆಲ್ಲಿದ ಮಣ್ಣು ಅದು
ಎಂದವನು ಉಪ್ಪಾರರ ದಾಸಣ್ಣ.
ಸವಳು ಕೆರೆದು, ಕಲಸಿ, ಗುಂಡಿಯಲ್ಲಿ ಬಸಿದು ಬಿಸಿಲಿಗೆ ಬಿಟ್ಟರೆ
ಹಾಲಿನ ಕೆನೆ ಹಾಗೆ ಕಟ್ಟುತ್ತಿತ್ತಂತೆ.
ಕತ್ತೆಯ ಬೆನ್ನೇರಿ ಎಂಟು ಊರಿಗೆ ಹೋಗುತ್ತಿತ್ತಂತೆ.
ಆಮೇಲೆ ರೈಲಿನಲ್ಲಿ ಸಮುದ್ರದ ಉಪ್ಪು ಬಂತು.
ಅಗ್ಗ.
ದಾಸಣ್ಣನ ಅಜ್ಜ ಗುಂಡಿ ಮುಚ್ಚಿ
ಅದೇ ಮಣ್ಣು ತುಳಿದು ಮನೆಗಳ ಗೋಡೆ ಕಟ್ಟಲು ಹೊರಟ.
"ಅವನು ಕಟ್ಟಿದ ಗೋಡೆ ನೋಡ್ರಿ,
ಮೋಡ ಮುಚ್ಚಿದ್ರೆ ಇವತ್ತಿಗೂ ಬೆವರ್ತದೆ."

ಒಂದೇ ಗೋಡೆ ಉಳಿದಿದೆ, ಹಿಟ್ಟಿನ ಗಿರಣಿಯ ಹಿಂದೆ.
ಗುರುವಾರ ಮಧ್ಯಾಹ್ನ ಯಾರೂ ಇಲ್ಲದಾಗ
ಹೋಗಿ ನೆಕ್ಕಿ ನೋಡಿದೆ.

ಪುಟ ಮುಗಿದು ಹಿಂಬದಿಗೂ ಬರೆದೆ.
ಆಫೀಸಿನ ಹುಡುಗ ತಿರುಗಿಸಿಯೂ ನೋಡಲಿಲ್ಲ:
"ಹಿಂಬದಿ ಸ್ಕ್ಯಾನ್ ಆಗಲ್ಲ ಮೇಡಂ.
ಕೆಳಗಿನ ಕಾಲಂ ಖಾಲಿ ಬಿಟ್ಟಿದ್ದೀರಿ, ತುಂಬಿ."

ಪ್ರಸಿದ್ಧ ವ್ಯಕ್ತಿಗಳು: ಇಲ್ಲ ಎಂದು ಬರೆದು
ಹೊಡೆದುಹಾಕಿ, ಹುಸೇನವ್ವ ಎಂದು ಬರೆದೆ.
ಪ್ರೇಕ್ಷಣೀಯ ಸ್ಥಳಗಳು:
ಗೋಡೆ, ಒಂದು.
ನಾಲಿಗೆಯಿಂದ ನೋಡತಕ್ಕದ್ದು.